ಬಾಗಿಲಲ್ಲಿ ಚಾಲೂ ಇದ್ದ ಗಾಡಿ

ಕಸ್ತೂರೆವ್ವನ ಟ್ರಂಕಿನ ತಳದಲ್ಲಿ, ಮದುವೆಯ ಇಳಕಲ್ ಸೀರೆಯ ಕೆಳಗೆ, ಒಂದು ಕಬ್ಬಿಣದ ಸಾಮಾನಿತ್ತು. ದೊಡ್ಡ ಬಸವನಹುಳುವಿನ ಚಿಪ್ಪುಗಳೆರಡನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂಡಿಸಿದಂಥದು. ಅದನ್ನು ತಂದವನು ಅವಳ ಅಪ್ಪ ಚಂದಪ್ಪ. ಅವನು ಆಲಮಟ್ಟಿ ಆಣೆಕಟ್ಟಿನ ಕೆಲಸದಲ್ಲಿ ಫಿಟ್ಟರ್ ಆಗಿದ್ದ. ಬಂಡೆ ಕೊರೆಯುವ ಯಂತ್ರವೊಂದು ಗುಜರಿಗೆ ಬಿದ್ದಾಗ ಅದರ ಇಂಜಿನ್ನಿನಿಂದ ಇದನ್ನು ಬಿಚ್ಚಿಕೊಂಡು, ಮಗುವನ್ನು ಹೊತ್ತಂತೆ ಹೆಗಲಿಗೇರಿಸಿ ಮನೆಗೆ ತಂದಿದ್ದ.

"ಇದಕ ಟರ್ಬೊ ಅಂತಾರವ್ವ," ಎಂದು ಮಗಳಿಗೆ ಹೇಳಿಕೊಟ್ಟಿದ್ದ. "ಇಂಜಿನ್ ಉಗುಳಿದ ಹೊಗಿ ಈ ಕಡೆ ಗಾಲಿ ತಿರುಗಸತೈತಿ. ಈ ಗಾಲಿ ಆ ಕಡೆ ಗಾಲಿ ತಿರುಗಸತೈತಿ. ಅದು ಗಾಳಿ ಎಳಕೊಂಡು ಇಂಜಿನ್ ಹೊಟ್ಯಾಗ ತುರಕತೈತಿ. ಬ್ಯಾಡಂತ ಹೊರಗ ಹಾಕಿದ್ದ ಹೊಗಿನ ಗಾಡೀನ ಓಡಸತೈತಿ ನೋಡು."

ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ಪಾನಾ, ಸುತ್ತಿಗೆಗಳನ್ನು ಹಂಚಿಕೊಂಡರು. ಇದನ್ನು ಯಾರೂ ಕೇಳಲಿಲ್ಲ. ಅವಳು ಇಂಡಿ ಊರಿನ ಗಂಡನ ಮನೆಗೆ ತಂದಿಟ್ಟುಕೊಂಡಳು. ವರ್ಷಕ್ಕೊಮ್ಮೆ ಸೀರೆಗಳನ್ನು ಬಿಸಿಲಿಗೆ ಹಾಕುವಾಗ ಅದನ್ನೂ ತೆಗೆದು, ಒಳಗಿನ ಗಾಲಿಯನ್ನು ಬೆರಳಿನಿಂದ ಒಮ್ಮೆ ತಿರುವುತ್ತಿದ್ದಳು. ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗುತ್ತಿತ್ತು.

ಅವಳ ಗಂಡ ಬಸಂತರಾಯ ಖಡಿ, ಅಂದರೆ ಜಲ್ಲಿಕಲ್ಲಿನ, ಗುತ್ತಿಗೆದಾರ. ಮುದ್ದೇಬಿಹಾಳದ ಆಚೆ ನಡೆದಿದ್ದ ಕಾಲುವೆ ಕೆಲಸಕ್ಕೆ ಖಡಿ ಒದಗಿಸುತ್ತಿದ್ದ. ಮುದ್ದೇಬಿಹಾಳದಲ್ಲಿ ಅವನಿಗೆ ಇನ್ನೊಂದು ಮನೆಯಿತ್ತು. ಆ ಮನೆಯಲ್ಲಿ ಇಂದುಬಾಯಿ ಎಂಬವಳಿದ್ದಳು. ಅವರಿಗೆ ಒಂದು ಗಂಡು ಕೂಸಿತ್ತು. ಇದನ್ನು ಯಾರೋ ಬಂದು ಚಾಡಿ ಹೇಳಿದ್ದಲ್ಲ. ಕೆಲವು ವರ್ಷಗಳ ಹಿಂದೆ ಬಸಂತರಾಯನೇ ಊಟಕ್ಕೆ ಕೂತು, ಮಜ್ಜಿಗೆ ಸುರಿದುಕೊಳ್ಳುತ್ತ, ಹೊಲದ ಸುದ್ದಿ ಹೇಳಿದಂತೆ ಹೇಳಿದ್ದ. ಮಕ್ಕಳಿಲ್ಲದ ಕಸ್ತೂರೆವ್ವ ಆಗ "ಉಪ್ಪು ಬೇಕೇನ್ರಿ?" ಎಂದು ಕೇಳಿದ್ದಳು.

ಅಂದಿನಿಂದ ಅವಳ ಬೆರಳುಗಳಿಗೆ ಹಂಚಿನ ಬಿಸಿ ಸರಿಯಾಗಿ ತಟ್ಟುತ್ತಿರಲಿಲ್ಲ. ಅತ್ತೆ ಗುಂಡವ್ವ "ಕೈ ಸುಡತೈತಿ ನೋಡು, ಅರಿವಿ ಹಿಡಿ" ಎಂದು ಗದರಿದಾಗಲೇ ನೋಡಿಕೊಳ್ಳುತ್ತಿದ್ದಳು. ತುದಿಗಳು ಕೆಂಪಗಾಗಿರುತ್ತಿದ್ದವು. ಉರಿ ಮಾತ್ರ ಪಕ್ಕದ ಮನೆಯವರ ಕೈಯಲ್ಲಿದ್ದಷ್ಟು ದೂರ ಇರುತ್ತಿತ್ತು.

ಬಸಂತರಾಯನ ಕಾರು ಹಳೆಯದು, ದೊಡ್ಡದು, ಅಮೆರಿಕದ್ದು. ಸೊಲ್ಲಾಪುರದ ಒಬ್ಬರ ಕೈಯಿಂದ ಅವನ ಕೈಗೆ ಬರುವಷ್ಟರಲ್ಲಿ ಅದರ ಪೆಟ್ರೋಲ್ ಇಂಜಿನ್ ಹೋಗಿ ಡೀಸೆಲ್ ಇಂಜಿನ್ ಬಂದು ಕೂತಿತ್ತು. ಏರು ಬಂದರೆ ಏದುಸಿರು ಬಿಡುತ್ತಿತ್ತು. ಇಂಡಿಯಿಂದ ಹೊರಟು ಸಿಂದಗಿ, ಬಾಗೇವಾಡಿ ದಾಟಿ ಮುದ್ದೇಬಿಹಾಳ ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿ ದಾಟುತ್ತಿತ್ತು. ಕೆಲಸ ಮುಗಿಸಿ ತಿರುಗಿ ಬರಲು ಹೊತ್ತು ಸಾಲದು ಎಂಬುದು ಅವನ ಕಾರಣ. ವಾರದಲ್ಲಿ ಹೆಚ್ಚು ರಾತ್ರಿ ಅಲ್ಲೇ ಉಳಿಯುತ್ತಿದ್ದ.

ಒಂದು ಮಧ್ಯಾಹ್ನ ಅವನು ಉಣ್ಣುತ್ತ ಹೇಳಿದ. "ಇಂಜಿನ್ ಪೂರಾ ಬಿಚ್ಚಸಾಕತ್ತೇನಿ. ಸಿಂದಗಿಯೊಳಗ ಇಬ್ರಾಹಿಂಸಾಬಗ ಹೇಳೇನಿ. ಈ ಸಲ ಗಾಡಿ ಹಾರಬೇಕು."

"ಹಾರಿ ಎಲ್ಲಿಗೆ ಹೋಗತೈತಿ?" ಗುಂಡವ್ವ ಗೋಡೆಗೆ ಒರಗಿದಲ್ಲಿಂದಲೇ ಕೇಳಿದಳು.

"ನಿನ್ನ ಕಡೆನ ಬರ್ತೈತಿ ಬೇ ಯವ್ವಾ."

"ನನ್ನ ಕಡೆ ಬರಾಕ ನಿನಗ ರೆಕ್ಕಿ ಯಾಕ ಬೇಕು? ಆ ಬಸ್ಸಿನ್ಯಾಗ ಊರ ಮಂದಿ ಬರೂದಿಲ್ಲೇನು?"

ಬಸಂತರಾಯ ನಕ್ಕು ಹೆಂಡತಿಯ ಕಡೆ ತಿರುಗಿದ. "ನಿಮ್ಮಪ್ಪಂದು ಆ ಟರ್ಬೊ ಐತೆಲ್ಲ, ಅದನ್ನ ಕೊಡು. ಹಚ್ಚಿಸ್ತೇನಿ. ಅದು ಹತ್ತಿತಂದ್ರ ಎಲ್ಲೇ ಇರಲಿ, ದಿನಾ ರಾತ್ರಿ ಇಂಡಿಗೇ ಬರ್ತೇನಿ. ನಿನ್ನ ಕೈದ ರೊಟ್ಟಿ ಉಂಡು ಇಲ್ಲೇ ಮಲಗತೇನಿ. ಆಣಿ ಬೇಕೇನು?"

"ಆಣಿ ಬ್ಯಾಡ್ರಿ," ಎಂದಳು.

ದಿನಾ ರಾತ್ರಿ ಅವನು ಈ ಮನೆಗೆ ಬರುವುದು. ತನಗೆ ಬೇಕಾದದ್ದು ಅದೊಂದೇ ಎಂದು, ಅವನು ಬಾಯಿಬಿಟ್ಟು ಹೇಳುವ ತನಕ ಅವಳಿಗೇ ತಿಳಿದಿರಲಿಲ್ಲ. ಸಂತೋಷ ಆಗಲಿಲ್ಲ. ಮುಚ್ಚಿದ ಕೋಣೆಯೊಂದರಲ್ಲಿ ಯಾರೋ ದೀಪ ಇಟ್ಟು ಹೋದಂತೆ, ಬಾಗಿಲ ಸಂದಿನಲ್ಲಿ ಬೆಳಕು ಕಂಡಿತು, ಅಷ್ಟೆ. ಎದ್ದು ಹೋಗಿ ಟ್ರಂಕು ತೆಗೆದಳು.

ಸಿಂದಗಿಗೆ ಅವಳೂ ಹೋದಳು. "ನಿಮ್ಮಪ್ಪನ ಸಾಮಾನು, ನೀನ ಮುಂದ ನಿಂತು ಹಚ್ಚಿಸು" ಎಂದು ಅವನೇ ಕರೆದೊಯ್ದ. ಇಬ್ರಾಹಿಂಸಾಬನ ಗ್ಯಾರೇಜು ಬೇವಿನ ಗಿಡದ ಕೆಳಗೆ, ಅವನ ಮನೆಯ ಅಂಗಳದಲ್ಲೇ ಇತ್ತು. ಬಿಚ್ಚಿದ ಇಂಜಿನ್ ಗೋಣಿತಟ್ಟಿನ ಮೇಲೆ ಹರಡಿಕೊಂಡಿತ್ತು. ಅವನ ಹೆಂಡತಿ ಸುಲ್ತಾನಬಿ ಕಟ್ಟೆಯ ಮೇಲಿನ ನಟ್ಟು-ಬೋಲ್ಟು ಸರಿಸಿ ಕಸ್ತೂರೆವ್ವನಿಗೆ ಜಾಗ ಮಾಡಿ ಚಹ ತಂದುಕೊಟ್ಟಳು.

ಇಬ್ರಾಹಿಂಸಾಬ ಟರ್ಬೊದ ಗಾಲಿಯನ್ನು ಬೆರಳಿನಿಂದ ತಿರುವಿ ಕಿವಿಗೆ ಹಿಡಿದ. "ಮಸ್ತ್ ಐತ್ರಿ ಅಕ್ಕಾರ. ಸೀರಿ ಜೋಡಿ ಇಟ್ಟಿದ್ರೇನು? ಡಾಂಬರಗುಳಿಗಿ ವಾಸನಿ ಬರಾಕತ್ತೈತಿ." ಆಮೇಲೆ ಎರಡು ಥರದ ಪಿಸ್ಟನ್ ಮುಂದಿಟ್ಟ. "ಇದು ತೆಳು ತಲಿದು, ಹಗೂರ ಐತಿ. ಇದು ದಪ್ಪ ತಲಿದು. ಯಾವುದ ಹಾಕೂಣು ಹೇಳ್ರಿ."

"ಹಗೂರದ್ದ ಹಾಕು," ಬಸಂತರಾಯ ಅವಸರದಲ್ಲಿ ಹೇಳಿದ. "ಭಾರ ಕಡಿಮಿ ಆದಷ್ಟು ಓಟ ಜಾಸ್ತಿ."

ಕಸ್ತೂರೆವ್ವ ಎರಡನ್ನೂ ಎತ್ತಿ ನೋಡಿದಳು. ಹುಣಸೆಹಣ್ಣು ಕೊಳ್ಳುವಾಗ ಹಿಸುಕಿ ನೋಡುವ ಕೈಯೇ ಇಲ್ಲೂ ಆಡಿತು. "ಗಾಳಿ ಜಾಸ್ತಿ ತುರುಕಿದ್ರ ಒಳಗ ಉರಿ ಜಾಸ್ತಿ ಆಗತೈತಿ ಅಂತಿದ್ದ ನಮ್ಮಪ್ಪ. ತೆಳು ತಲಿ ತೂತ ಬೀಳತೈತ್ರಿ. ದಪ್ಪಂದ ಹಾಕ್ರಿ."

"ಅದ ಖರೆ," ಎಂದ ಇಬ್ರಾಹಿಂಸಾಬ. "ತಲಿ ದಪ್ಪ ಇದ್ದಾವ್ರ ತಡಕೋತಾರ."

"ನನ್ನ ನೋಡಿ ಯಾಕ ಹೇಳ್ತೀ ಲೇ," ಎಂದು ಬಸಂತರಾಯ ನಕ್ಕ.

ಹೀಗೆ ಒಂದೊಂದಾಗಿ ಆರಿಸಿದರು. ಇಂಜಿನ್ನಿನ ತಲೆಗೂ ಮೈಗೂ ನಡುವೆ ಕೂರಿಸುವ ತಾಮ್ರದ ಹಾಳೆ ದಪ್ಪಂದು ಬೇಕೆಂದಾಯಿತು. ತುಂಬಿದ ಗಾಳಿ ಒಳಗೆ ಸಿಡಿಯದಿರಲು ಅಷ್ಟು ತೆರಪು ಬೇಕು. ಇಂಜಿನ್ ತಂಪಾಗಿಸುವ ನೀರಿನ ಡಬ್ಬಿ ಲಾರಿಯದು. ಟರ್ಬೊದ ನಡುಬೇರಿಂಗಿಗೆ ಇಂಜಿನ್ನಿಂದ ಎಣ್ಣೆ ಹೋಗಲು ಸಣ್ಣ ತಾಮ್ರದ ಕೊಳವೆ. ಎಲ್ಲ ಮುಗಿಯಿತೆಂದಾಗ ಕಸ್ತೂರೆವ್ವ "ನಿಂದ್ರಸೂದಕ್ಕರೀ?" ಎಂದಳು. ಇಬ್ಬರು ಗಂಡಸರೂ ಮುಖ ಮುಖ ನೋಡಿಕೊಂಡರು. ಓಡುವುದರ ಅವಸರದಲ್ಲಿ ಬ್ರೇಕಿನ ನೆನಪೇ ಯಾರಿಗೂ ಆಗಿರಲಿಲ್ಲ. ಸುಲ್ತಾನಬಿ ಸೆರಗು ಬಾಯಿಗೆ ಹಿಡಿದು ನಕ್ಕಳು.

ಗಾಡಿ ತಯಾರಾದ ದಿನ ಇಬ್ರಾಹಿಂಸಾಬ ಕೀಲಿ ಕೊಡುವ ಮೊದಲು ಬಸಂತರಾಯನ ಕೈ ಹಿಡಿದುಕೊಂಡು ಹೇಳಿದ. "ಸಾವ್ಕಾರ್ರ, ಒಂದ ಮಾತ. ಜೋರ್ ಓಡಿಸ್ಕೊಂಡು ಬಂದು ಮನಿ ಮುಂದ ನಿಂತ್ರಿ ಅನ್ನರಿ. ಬಂದ್ ಮಾಡಬ್ಯಾಡ್ರಿ. ಒಳಗ ಗಾಲಿ ಕೆಂಡ ಆಗಿರತೈತಿ, ಇನ್ನೂ ತಿರಗತಿರತೈತಿ. ಇಂಜಿನ್ ಬಂದ್ ಆದ್ರ ಎಣ್ಣಿ ನಿಂತು ಅಲ್ಲೇ ಸುಡತೈತಿ. ಅದಕ, ಚಾಲೂ ಇಟ್ಟು ಒಂದು ಎಲಿ ಮಡಚಿ, ಅಡಕಿ ಹಾಕ್ಕೊಂಡು, ಅಗದು ಮುಗಿಸ್ರಿ. ಆಮ್ಯಾಲ ಬಂದ್ ಮಾಡ್ರಿ. ಏನ್ ಬೇಕಾದ್ರೂ ಮರೀರಿ, ಇದನ್ನ ಮರೀಬ್ಯಾಡ್ರಿ."

"ಆತಪಾ. ಎಲಿ ಅಡಕಿ ಬಿಟ್ಟು ನಾ ಎಲ್ಲಿರತೇನಿ?"

ಗಾಡಿ ಹಾರಿತು. ಬಸಂತರಾಯ ಮಾತಿನಂತೆ ನಡೆದುಕೊಂಡ. ಬೆಳಿಗ್ಗೆ ಹೊರಟು ಮುದ್ದೇಬಿಹಾಳಕ್ಕೆ ಹೋಗಿ, ದೀಪ ಹಚ್ಚಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ತಿರುಗಿ ಬರುತ್ತಿದ್ದ. ಗಾಡಿ ಊರ ಅಂಚಿನ ಸಿಂದಗಿ ನಾಕಾದ ಹತ್ತಿರ ಬಂದಾಗಲೇ ಟರ್ಬೊದ ಸಿಳ್ಳು ಕೇಳುತ್ತಿತ್ತು. ದೂರದಲ್ಲಿ ಯಾರೋ ಹಲ್ಲಿನ ಸಂದಿನಿಂದ ಊದಿದಂಥ ಸಣ್ಣ ಸದ್ದು. ಅದು ಕೇಳಿದೊಡನೆ ಕಸ್ತೂರೆವ್ವ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಳು. ಗಾಡಿ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಬಂದ್ ಆಗುತ್ತಿರಲಿಲ್ಲ. ಗುಡುಗುಡು ಎನ್ನುತ್ತ ನಿಂತಿರುತ್ತಿತ್ತು. ಗೂಡಿನಲ್ಲಿಟ್ಟ ಪಾತ್ರೆಗಳು ಸಣ್ಣಗೆ ಅದರುತ್ತಿದ್ದವು. ಒಳಗೆ ಬಸಂತರಾಯ ಸ್ಟೇರಿಂಗಿನ ಮೇಲೆ ಎಲೆ ಹರಡಿಕೊಂಡು, ಸುಣ್ಣ ಸವರಿ, ಮಡಚಿ, ನಿಧಾನ ಬಾಯಿಗಿಡುತ್ತಿದ್ದ. ಅಷ್ಟರಲ್ಲಿ ಅವಳು ಎರಡು ರೊಟ್ಟಿ ಬಡಿದು ಮುಗಿಸುತ್ತಿದ್ದಳು.

ಡೀಸೆಲ್ ತುಟ್ಟಿಯಾಗಿದ್ದ ವರ್ಷಗಳವು. ಲಾರಿಯವರು ಇಳಿಜಾರು ಕಂಡರೆ ಇಂಜಿನ್ ಬಂದ್ ಮಾಡಿ ಇಳಿಯುತ್ತಿದ್ದರು. ನಿಂತ ಗಾಡಿಯಲ್ಲಿ ಡೀಸೆಲ್ ಸುಡುವವನನ್ನು ಓಣಿಯೇ ನಿಂತು ನೋಡುತ್ತಿತ್ತು. "ನಿನ್ನ ಗಂಡ ಬಂದಾನಂತ ಊರಿಗೆಲ್ಲಾ ಡಂಗುರಾ ಹೊಡಸ್ತಾನಲ್ಲ," ಎಂದು ಎದುರು ಮನೆಯ ತಿಪ್ಪವ್ವ ಚೇಷ್ಟೆ ಮಾಡುತ್ತಿದ್ದಳು. ಆದರೆ ಆ ಸದ್ದು ಕಸ್ತೂರೆವ್ವನಿಗೆ ಬೇಕಾಗಿತ್ತು. ತನ್ನ ಅಪ್ಪನ ಸಾಮಾನಿಗಾಗಿ, ತನ್ನ ಬಾಗಿಲಲ್ಲಿ, ಒಬ್ಬ ಗಂಡಸು ಅವಸರ ಬಿಟ್ಟು ಕೂತಿದ್ದಾನೆ. ಅದನ್ನು ಅವಳು ಪ್ರೀತಿ ಎಂದು ಕರೆಯಲಿಲ್ಲ. ಕಾಳಜಿ ಎಂದುಕೊಂಡಳು. ಕಾಳಜಿಯೂ ಸಾಕಾಗಿತ್ತು.

ಗುಂಡವ್ವ ಮಾತ್ರ ಗೊಣಗುತ್ತಿದ್ದಳು. "ಊಟಕ್ಕಿಂತ ಮೊದಲ ಎಲಿ ಹಾಕ್ಕೊಳ್ಳೂ ಮಗಾನ್ನ ನಾ ಹಡದಿಲ್ಲಪಾ. ಇದೇನ್ ಹೊಸಾದು?"

"ಗಾಡಿ ಸಲುವಾಗಿ ಬೇ," ಎನ್ನುತ್ತಿದ್ದ ಬಸಂತರಾಯ, ಬಾಯಿ ಮುಕ್ಕಳಿಸುತ್ತ. ಒಂದು ರೊಟ್ಟಿ ಉಣ್ಣುತ್ತಿದ್ದ. ಎರಡನೆಯದರ ಅರ್ಧ ತಾಟಿನಲ್ಲೇ ಉಳಿಯುತ್ತಿತ್ತು.

ಬೇಸಿಗೆ ಹೋಗಿ ಮಳೆಗಾಲ ಬಂತು, ಮಳೆಗಾಲವೂ ಹೋಯಿತು. ಬಿಳಿಜೋಳ ಮೊಳಕಾಲೆತ್ತರ ಬಂದಿದ್ದ ಒಂದು ಸಂಜೆ ಸಿಳ್ಳು ಕೇಳಲಿಲ್ಲ. ಬಸಂತರಾಯ ಕಡೆಯ ಬಸ್ಸಿಗೆ ಬಂದ. ಅಂಗಿಯ ಮೇಲೆಲ್ಲ ಎಣ್ಣೆ. ಮುದ್ದೇಬಿಹಾಳದಿಂದ ಬರುವಾಗ ಬಾಗೇವಾಡಿ ಸಮೀಪ ಗಾಡಿ ನೀಲಿ ಹೊಗೆ ಬಿಟ್ಟು, ಕರ್ ಎಂದು ಕಿರುಚಿ, ಶಕ್ತಿಯೆಲ್ಲ ಸೋರಿದಂತೆ ನಿಂತುಬಿಟ್ಟಿತ್ತು. ಖಡಿ ಲಾರಿಗೆ ಹಗ್ಗ ಕಟ್ಟಿ ಸಿಂದಗಿಯವರೆಗೆ ಎಳೆಸಿದ್ದ.

ಮೂರನೆಯ ದಿನ ಇಬ್ಬರೂ ಸಿಂದಗಿಗೆ ಹೋದರು. ಇಬ್ರಾಹಿಂಸಾಬ ಟರ್ಬೊ ಬಿಚ್ಚಿ ಗೋಣಿತಟ್ಟಿನ ಮೇಲೆ ಇಟ್ಟಿದ್ದ. ಅದರ ನಡುವಿನ ದಂಡ ನೀಲಿಗಟ್ಟಿ ಕಪ್ಪಾಗಿತ್ತು. ಗಾಲಿಯ ರೆಕ್ಕೆಗಳು ಗೋಡೆಗೆ ಉಜ್ಜಿ ಹರಿದಿದ್ದವು. ಎಣ್ಣೆಯ ಕೊಳವೆಯನ್ನು ಅವನು ಕಲ್ಲಿಗೆ ತಟ್ಟಿದ. ಕರಿಯ ಹರಳು ಉದುರಿದವು.

"ಎಣ್ಣಿ ಸುಟ್ಟು ಇದ್ದಲಿ ಆಗೇತ್ರಿ," ಎಂದ. "ಒಂದ ದಿನದ್ದಲ್ಲ ಇದು. ಪದರ ಮ್ಯಾಲ ಪದರ ಕೂತೈತಿ. ಜೋರ್ ಓಡಿಸ್ಕೊಂಡು ಬಂದು, ನಿಂತ ಕೂಡ್ಲೆ ಬಂದ್ ಮಾಡಿದ್ರ ಹಿಂಗ ಆಗತೈತಿ. ನಾ ಅಷ್ಟ ಹೇಳಿದ್ನೆಲ್ಲರೀ ಸಾವ್ಕಾರ್ರ. ಬಂದ್ ಮಾಡ್ತಿದ್ರೆಲ್ಲ ನೀವು?"

"ಇಲ್ಲಪಾ." ಬಸಂತರಾಯನಿಗೆ ಸಿಟ್ಟು ಬಂದಿತ್ತು. "ನಾ ಏನ್ ಸಣ್ಣ ಹುಡುಗನೇನು? ಬೇಕಾದ್ರ ಈಕೀನ ಕೇಳು. ಏ, ಹೇಳ ನೀನ. ದಿನಾ ಬಾಗಿಲದಾಗ ಚಾಲೂ ಇಟ್ಕೊಂಡು ಕುಂತಿರತಿದ್ನೋ ಇಲ್ಲೋ?"

"ಹೌದ್ರಿ," ಎಂದಳು ಕಸ್ತೂರೆವ್ವ. "ದಿನಾ ಕುಂತಿರತಿದ್ರು. ಒಂದಿನಾನೂ ತಪ್ಪಿಸಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ತಾನು ಹೇಳಿದ್ದೇನೆಂದು ಅವಳಿಗೇ ತಿಳಿಯಿತು. ಗಾಡಿ ದಿನಕ್ಕೆ ಎರಡು ಬಾಗಿಲಲ್ಲಿ ನಿಲ್ಲುತ್ತಿತ್ತು. ಸಂಜೆ ಇಂಡಿಯಲ್ಲಿ, ಬೆಳಿಗ್ಗೆ ಮುದ್ದೇಬಿಹಾಳದಲ್ಲಿ. ಇಂಡಿಯಲ್ಲಿ ಎಣ್ಣೆ ಸುಟ್ಟಿರಲಿಲ್ಲ. ಇಲ್ಲಿ ಎಲೆ ಮಡಚಿ ಅಗಿದು ಮುಗಿಸುವ ತನಕ ಕೂರುತ್ತಿದ್ದವನು, ಅಲ್ಲಿ ಗಾಡಿ ನಿಂತೊಡನೆ ಕೀಲಿ ತಿರುವಿ ಇಳಿದು ಒಳಗೆ ಹೋಗುತ್ತಿದ್ದ. ಅಲ್ಲಿ ಅವನಿಗೆ ಕೂರಲಾಗುತ್ತಿರಲಿಲ್ಲ. ಇಲ್ಲಿ ಆಗುತ್ತಿತ್ತು.

ಇಬ್ರಾಹಿಂಸಾಬನಿಗೂ ತಿಳಿಯಿತು. ಬಸಂತರಾಯನ ಇನ್ನೊಂದು ಮನೆಯ ಸುದ್ದಿ ಗೊತ್ತಿಲ್ಲದವರು ಆ ದಾರಿಯಲ್ಲಿ ಯಾರೂ ಇರಲಿಲ್ಲ. ಅವನು ಕರಿಯ ಹರಳುಗಳನ್ನು ಅಂಗೈಯಿಂದ ಒತ್ತಟ್ಟಿಗೆ ಸರಿಸಿ, "ಎಣ್ಣಿದೂ ತಪ್ಪಿರಬೇಕ್ರಿ," ಎಂದ, ಯಾರ ಮುಖವನ್ನೂ ನೋಡದೆ. "ಈಗಿನ ಎಣ್ಣಿನೂ ಮೊದಲಿನಂಗ ಬರೂದಿಲ್ಲ."

ಬಸಂತರಾಯ ಬೇವಿನ ಗಿಡದ ಮೇಲಿನ ಏನನ್ನೋ ನೋಡುತ್ತಿದ್ದ.

ಸುಲ್ತಾನಬಿ ಚಹ ತಂದಿಟ್ಟಳು. ಕಸ್ತೂರೆವ್ವ ಬಸಿ ಇಲ್ಲದೆ ಕಪ್ಪನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಸುಡತೈತ್ರಿ ಅಕ್ಕಾರ," ಎಂದಳು ಸುಲ್ತಾನಬಿ. ಅವಳು ಕೆಳಗಿಟ್ಟಳು. ಅಳು ಬರಬಹುದೇನೋ ಎಂದು ತನ್ನೊಳಗೆ ಹುಡುಕಿ ನೋಡಿದಳು. ಬರಲಿಲ್ಲ. ಎಲ್ಲಿ ನೋವಿರಬೇಕಾಗಿತ್ತೋ ಅಲ್ಲಿ ಜೋಮು ಹಿಡಿದ ಕಾಲಿನಂತೆ ಒಂದು ಭಾರವಿತ್ತು.

"ಈಗ ಏನ್ ಮಾಡೂದು?" ಬಸಂತರಾಯ ಕೇಳಿದ. ದನಿ ತಗ್ಗಿತ್ತು.

"ಎರಡ ಹಾದಿ ಅದಾವ್ರಿ." ಇಬ್ರಾಹಿಂಸಾಬ ಎರಡು ತಾಮ್ರದ ಹಾಳೆಗಳನ್ನು ತಂದ. "ದಂಡ, ಬುಶ್ಶು, ಗಾಲಿ ಸೊಲ್ಲಾಪುರದಾಗ ಲೇಥಿಗೆ ಕೊಟ್ಟು ಹೊಸಾದು ಮಾಡಸೂಣು. ಹಂಗಾದ್ರ ಈ ದಪ್ಪ ಹಾಳಿನ ಇರಲಿ. ಇಲ್ಲಾಂದ್ರ ಟರ್ಬೊ ತಗದು, ಸಾದಾ ಪೈಪ ಹಾಕಿ, ತೆಳು ಹಾಳಿ ಕೂಡಸೂಣು. ಗಾಡಿ ಮೊದಲಿನಂಗ ಆಗತೈತಿ. ಓಡತೈತಿ, ಹಾರೂದಿಲ್ಲ."

"ಹೊಸಾದ ಮಾಡಸು," ಎಂದ ಬಸಂತರಾಯ. ಕೂಡಲೇ ಹೆಂಡತಿಯ ಕಡೆ ನೋಡಿದ. "ನೀ ಹೇಳು. ನಿಮ್ಮಪ್ಪನ ಸಾಮಾನು. ನೀ ಆರಿಸಿದಂಗ ಆಗಲಿ."

ಅವಳು ಎರಡು ಹಾಳೆಗಳನ್ನೂ ಬೆರಳಿನ ನಡುವೆ ಹಿಡಿದಳು. ದಪ್ಪಂದನ್ನು ತಟ್ಟಿನ ಮೇಲಿಟ್ಟಳು. ತೆಳುವಾದದ್ದನ್ನು ಇಬ್ರಾಹಿಂಸಾಬನ ಕೈಗೆ ಕೊಟ್ಟಳು.

"ಸಾದಾ ಮಾಡ್ರಿ."

"ಹಂಗಾದ್ರ ದಿನಾ ಬರಾಕ ಆಗೂದಿಲ್ಲ ನೋಡು," ಎಂದ ಬಸಂತರಾಯ.

"ಗೊತ್ತೈತ್ರಿ."

ಅವನು ಕಿಸೆಯಲ್ಲಿ ಎಲೆಯ ಚೀಲ ಹುಡುಕಿದ.

ಇಂಡಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳನ್ನು ಕೂರಿಸಿ ತಾನು ಈಚೆ ಕೂತ. ಟರ್ಬೊ ಒಂದು ಕೈಚೀಲದಲ್ಲಿ ಅವಳ ತೊಡೆಯ ಮೇಲಿತ್ತು. ಊರು ದಾಟಿ ಬಹಳ ಹೊತ್ತಾದ ಮೇಲೆ ಬಸಂತರಾಯ ಮುಂದಿನ ಸೀಟಿನ ಸರಳು ಹಿಡಿದುಕೊಂಡು ಹೇಳಿದ. "ಹುಡುಗ ಓಡಿ ಬರ್ತೈತಿ. ಗಾಡಿ ಸದ್ದ ಕೇಳಿದ್ರ ಸಾಕು, ಗಾಲಿ ಹಂತೇಕನ ಬಂದು ನಿಂದರತೈತಿ. ಎತ್ಕೊ ಅಂತೈತಿ. ಚಾಲೂ ಇಟ್ಕೊಂಡು ನಾ ಹೆಂಗ ಕುಂಡರಲಿ?"

ಆ ಹುಡುಗನ ಮಾತನ್ನು ಅವಳ ಮುಂದೆ ಅವನು ಆಡಿದ್ದು, ಅವತ್ತು ಮಜ್ಜಿಗೆ ಸುರಿದುಕೊಂಡ ಮೇಲೆ ಇದೇ ಮೊದಲು. ಸುಳ್ಳು ಹೇಳುತ್ತಿರಲಿಲ್ಲ. ಅವನ ಮುಖದಲ್ಲಿ ನಾಚಿಕೆ ಇತ್ತು, ಅದರ ಕೆಳಗೆ ಮುಚ್ಚಿಡಲಾಗದ ಒಂದು ಹಿಗ್ಗೂ ಇತ್ತು. ಆ ಹಿಗ್ಗನ್ನು ಅವಳು ಈ ಮೊದಲು ಕಂಡಿರಲಿಲ್ಲ. ಹೊಸಬರ ಮುಖವನ್ನು ನೋಡುವಂತೆ ಸ್ವಲ್ಪ ಹೊತ್ತು ನೋಡಿದಳು.

"ಖರೆ ಐತ್ರಿ," ಎಂದಳು. "ಸಣ್ಣ ಕೂಸು ಇದ್ದಲ್ಲಿ ಗಾಡಿ ಚಾಲೂ ಇಡಬಾರದು."

ಅವನು ತಲೆ ಆಡಿಸಿದ. ಹೊರಗೆ ಜೋಳದ ಹೊಲಗಳು ಒಂದೇ ಸಮ ಹಿಂದೆ ಸರಿಯುತ್ತಿದ್ದವು. ಅವಳು ಚೀಲದೊಳಗೆ ಕೈ ಹಾಕಿ ಗಾಲಿಯನ್ನು ಬೆರಳಿನಿಂದ ನೂಕಿದಳು. ಅದು ತಿರುಗಲಿಲ್ಲ. ಅಭ್ಯಾಸದಿಂದ ಇನ್ನೊಮ್ಮೆ ನೂಕಿ ಕೈ ತೆಗೆದಳು. ಮನೆಗೆ ಹೋಗಿ ಅದನ್ನು ಟ್ರಂಕಿನಲ್ಲಿಡಲಿಲ್ಲ. ಹಿತ್ತಲಲ್ಲಿ ನೀರಿನ ಹಂಡೆಯ ಕೆಳಗೆ ಒಂದು ಕಲ್ಲು ಸರಿದಿತ್ತು. ಅದರ ಜಾಗಕ್ಕೆ ಟರ್ಬೊವನ್ನು ಒತ್ತುಕೊಟ್ಟಳು. ಹಂಡೆ ಅಲ್ಲಾಡದೆ ನಿಂತಿತು.

ಸಾದಾ ಆದ ಗಾಡಿಯಲ್ಲಿ ಬಸಂತರಾಯ ಮೊದಲಿನಂತೆ ವಾರದಲ್ಲಿ ಒಂದೆರಡು ಸಲ ಬರತೊಡಗಿದ. ಸಿಂದಗಿ ನಾಕಾದಲ್ಲಿ ಸಿಳ್ಳು ಕೇಳುತ್ತಿರಲಿಲ್ಲ. ಬಾಗಿಲಿಗೆ ಬಂದ ಮೇಲೇ ಬಂದದ್ದು ತಿಳಿಯುತ್ತಿತ್ತು. ಬಂದೊಡನೆ ಇಂಜಿನ್ ಬಂದ್ ಆಗುತ್ತಿತ್ತು, ಗಾಡಿಯ ಬಾಗಿಲು ಧಡ್ ಎನ್ನುತ್ತಿತ್ತು, ಅವನು ಎಲೆ ಇಲ್ಲದ ಬಾಯಲ್ಲಿ ಒಳಗೆ ಬರುತ್ತಿದ್ದ.

ಹಾಗೆ ಬಂದ ಮೊದಲ ಸಂಜೆ ಗುಂಡವ್ವ ಕಿವಿ ನಿಮಿರಿಸಿ ಕೇಳಿ ಹಿಗ್ಗಿದಳು. "ನೋಡಿದೇನು? ಇವತ್ತ ಹೊರಗ ಕುಂಡರಲಿಲ್ಲ. ಬಂದಾಂವನ ಒಳಗ ಬರಾಕತ್ಯಾನ. ಹೆಂಡ್ತಿ ನೆನಪಾಗೇತಿ ಅವಂಗ."

"ಈ ಗಾಡಿಗೆ ಕುಂಡ್ರೂದು ಬೇಕಾಗಿಲ್ರಿ ಅತ್ತಿ," ಎಂದಳು ಕಸ್ತೂರೆವ್ವ.

ಅದಕ್ಕಾಗಿಯೇ ಅವಳು ಇದನ್ನು ಆರಿಸಿದ್ದಳು. ಈಗ ಎರಡೂ ಬಾಗಿಲಲ್ಲಿ ಗಾಡಿ ಒಂದೇ ಥರ ನಿಲ್ಲುತ್ತದೆ. ಅವನು ಬೇಗ ಇಳಿದರೆ ಏನರ್ಥ, ತಡೆದು ಇಳಿದರೆ ಏನರ್ಥ ಎಂದು ಆ ಸದ್ದಿನಲ್ಲಿ ಹುಡುಕಬೇಕಾದ್ದಿಲ್ಲ. ಅಂಗಳದಲ್ಲಿ ಬಸಂತರಾಯ ಕಾಲು ತೊಳೆಯುವ ಸದ್ದಾಯಿತು. ಅವಳು ಹಂಚಿನ ಮೇಲಿನ ರೊಟ್ಟಿಯನ್ನು ಬೆರಳಿನಿಂದಲೇ ತಿರುವಿ ಹಾಕಿದಳು.

"ಅರಿವಿ ಹಿಡಿ," ಎಂದಳು ಗುಂಡವ್ವ.

ಕಸ್ತೂರೆವ್ವ ಅರಿವಿ ತೆಗೆದುಕೊಂಡಳು. ಎರಡನೆಯ ರೊಟ್ಟಿಗೆ ಹಿಟ್ಟು ತೆಗೆಯಬೇಕೋ ಬೇಡವೋ ಎಂದು ಅವನನ್ನೇ ಕೇಳಲು, ಅವನು ಬಂದು ಕೂರುವ ತನಕ ಕಾದಳು.